ಗಳಿಗೆಯೂ ಗಂಟೆಯೂ

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಸರಾಸರಿ ಲೆಕ್ಕದಲ್ಲಿ ಸುಮಾರು 24 ನಿಮಿಷ ತಡ. ಅಂದರೆ ಸರಿಯಾಗಿ ಒಂದು ಗಳಿಗೆ. ನಮ್ಮ ದೇಶದ ಸಮಯ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ಈ ಊರುಗಳು ಅದಕ್ಕೆ ಆರು ಡಿಗ್ರಿಯಷ್ಟು ಪಡುವಣಕ್ಕಿವೆ. ಡಿಗ್ರಿಗೆ ನಾಲ್ಕು ನಿಮಿಷ.

ಭೀಮೆಯ ದಂಡೆಯ ಜನ ಹಿಂದೆ ಸೂರ್ಯನನ್ನೇ ನಂಬಿ ಬದುಕಿದವರು. 1871ರಲ್ಲಿ ರೈಲು ಗುಲ್ಬರ್ಗಾ ದಾಟಿ ರಾಯಚೂರು ಮುಟ್ಟಿತು. ಆ ಕಾಲದ ರೈಲ್ವೆ ಸಮಯವೆಂದರೆ ಮದ್ರಾಸಿನ ಸಮಯ. 1906ರ ಜನವರಿ 1ರಂದು ಈಗಿನ ಭಾರತೀಯ ಸಮಯ ಜಾರಿಗೆ ಬಂತು. ಅಷ್ಟಕ್ಕೇ ಮುಗಿಯಲಿಲ್ಲ. ಯುದ್ಧದ ಕಾರಣಕ್ಕೆ 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟರು. ಈ ಸಂಗತಿಯನ್ನು ನಾವೆಲ್ಲ ಮರೆತಿದ್ದೇವೆ. ನಾನೂ ಮರೆತಿದ್ದೆ.

ಜೇವರ್ಗಿಯಲ್ಲಿ ಹುಟ್ಟಿದ ನನ್ನ ಸೋದರಮಾವನವರ ಸಹಸ್ರಚಂದ್ರದರ್ಶನ ಬಂತು. ಅಜ್ಜನ ಕಡತ ತೆಗೆದೆವು: "1943 ಜೂನ್ 10, ಬೆಳಿಗ್ಗೆ 6 ಗಂಟೆ 20 ನಿಮಿಷ, ಸೂರ್ಯೋದಯಕ್ಕೆ ಮುಂಚೆ, ಬುಧವಾರ." ಅಜ್ಜನ ಜೇಬುಗಡಿಯಾರ ರೈಲಿನ ಗಡಿಯಾರಕ್ಕೆ ಹೊಂದಿಸಿದ್ದು.

ನಾನು ದೊಡ್ಡ ಕಚೇರಿಯೊಂದರ ಮೇನ್‌ಫ್ರೇಮ್ ಯಂತ್ರದ ಮೇಲ್ವಿಚಾರಕನಾಗಿದ್ದವನು. ಬಿಡುವಿನಲ್ಲಿ ಅದರ ಯುನಿಕ್ಸಿನಲ್ಲಿ ವಾರ ಎಣಿಸುವ ಲೆಕ್ಕವೊಂದನ್ನು ಹಿಂದೆಯೇ ಬರೆದಿಟ್ಟಿದ್ದೆ. ಅದರಲ್ಲಿ ಹಾಕಿ ನೋಡಿದರೆ, ಆ ಹೊತ್ತಿಗೆ ಸೂರ್ಯ ಹುಟ್ಟಿ ಅರ್ಧ ಗಂಟೆಯಾಗಿತ್ತು, ವಾರ ಗುರುವಾರ! ಅಜ್ಜನಿಗೆ ಗಾಬರಿಯಲ್ಲಿ ಮರೆವಾಗಿರಬೇಕೆಂದು ಮನೆಯಲ್ಲಿ ಮಾತಾಯಿತು. ಮಾವ ಮಾತ್ರ, "ನಮ್ಮಪ್ಪ ಹಂಗ ಬರೆಯೋ ಮನುಷ್ಯ ಅಲ್ಲ" ಎಂದು ಸುಮ್ಮನಾದರು. ಆ ಮೌನ ನನ್ನನ್ನು ಚುಚ್ಚಿತು.

ತಪ್ಪು ನನ್ನದೇ. ಯುನಿಕ್ಸಿಗೆ ಊರಿನ ಹೊತ್ತು ಗೊತ್ತಿಲ್ಲ. 1970ರ ಜನವರಿ 1ರ ಗ್ರೀನಿಚ್ ನಡುರಾತ್ರಿಯಿಂದ ಸೆಕೆಂಡುಗಳನ್ನು ಎಣಿಸುವುದಷ್ಟೇ ಅದರ ಕೆಲಸ. ಅದಕ್ಕೆ ಹಿಂದಿನದೆಲ್ಲ ಋಣಸಂಖ್ಯೆ. ಅದನ್ನು ನಮ್ಮ ಗಂಟೆಗೆ ತಿರುಗಿಸುವುದು 'ಟಿಜೆಡ್' ಎಂಬ ಒಂದು ಸಾಲು. ನಾನು ಬರೆದದ್ದು 'ಐಎಸ್‌ಟಿ-5:30'. ಪೂರ್ವದೇಶಕ್ಕೆ ಋಣಚಿಹ್ನೆ ಹಾಕುವುದು ಅಲ್ಲಿಯ ವಿಚಿತ್ರ ಪದ್ಧತಿ. ಆ ಸಾಲಿಗೆ ಇಂದಿನ ನಿಯಮ ಗೊತ್ತು, ನಿನ್ನೆಯದು ಗೊತ್ತಿಲ್ಲ.

ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಆರಂಭಿಸಿದ ಕಾಲವಲಯಗಳ ಕೋಶವೊಂದಿದೆ. ಯಾವ ನಾಡು ಎಂದು ಗಡಿಯಾರ ತಿರುಗಿಸಿತೆಂಬ ಚರಿತ್ರೆಯೇ ಅದು. ಆ ಕೋಶವಿದ್ದ ಬೇರೊಂದು ಯುನಿಕ್ಸ್ ಯಂತ್ರದಲ್ಲಿ 'ಏಷ್ಯಾ/ಕೋಲ್ಕತಾ' ಎಂದು ಬರೆದು ಅದೇ ಲೆಕ್ಕ ಹಾಕಿದೆ. ಯುದ್ಧದ ಗಂಟೆ ಕಳೆದು 6:20 ಎಂಬುದು 5:20 ಆಯಿತು. ಸೂರ್ಯೋದಯಕ್ಕೆ ಇನ್ನೂ ಒಂದು ಗಳಿಗೆಗಿಂತ ತುಸು ಹೆಚ್ಚೇ ಇತ್ತು. ಸೂರ್ಯ ಹುಟ್ಟದೆ ನಮ್ಮಲ್ಲಿ ವಾರ ಬದಲಾಗದು, ಆದ್ದರಿಂದ ಬುಧವಾರವೇ.

ಮಾವನಿಗೆ ಹೇಳಿದೆ. ಅವರು ಕಡತವನ್ನು ಮಡಿಸಿ ಕಣ್ಣಿಗೊತ್ತಿಕೊಂಡರು. ಅಜ್ಜ ಗಡಿಯಾರವನ್ನೂ ನೋಡಿದ್ದ, ಮೂಡಣವನ್ನೂ ನೋಡಿದ್ದ, ಎರಡನ್ನೂ ಬರೆದಿಟ್ಟಿದ್ದ. ನಾನು ಒಂದನ್ನು ಮಾತ್ರ ಓದಿದ್ದೆ.