ಉಪ್ಪು, ಹತ್ತಿ ಮತ್ತು ಕುಮಟಾ ಬಂದರು



ಕನ್ನಡದಲ್ಲಿ ನಾವು ‘ಉಪ್ಪಿನ ಋಣ’ ಎನ್ನುತ್ತೇವೆ. ಉಂಡ ಮನೆಗೆ ನಿಷ್ಠನಾದವನನ್ನು ಉರ್ದುವಿನಲ್ಲಿ ‘ನಮಕ್‌ಹಲಾಲ್’ ಎನ್ನುತ್ತೇವೆ. ಎರಡು ಭಾಷೆಗಳೂ ಉಪ್ಪಿಗೆ ಇಂತಹ ಗೌರವ ಕೊಟ್ಟಿರುವುದು ಸುಮ್ಮನೆ ಅಲ್ಲ. ಒಂದು ಕಾಲದಲ್ಲಿ ಬಯಲುಸೀಮೆಯ ಊರುಗಳಿಗೆ ಉಪ್ಪು ಎತ್ತಿನ ಬೆನ್ನ ಮೇಲೆ ಘಟ್ಟ ಹತ್ತಿ ಬರಬೇಕಾಗಿತ್ತು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ಅಂತಹ ವ್ಯಾಪಾರದಿಂದ ಬೆಳೆದ ಬಂದರು.

ಕುಮಟಾ ತಾಲ್ಲೂಕಿನ ಸಾಣಿಕಟ್ಟಾ ಗೋಕರ್ಣದ ಸಮೀಪ, ಅಘನಾಶಿನಿ ನದಿ ಸಮುದ್ರ ಸೇರುವ ಪ್ರದೇಶದಲ್ಲಿದೆ. ಅಲ್ಲಿ ಭರತದ ನೀರನ್ನು ತೂಬಿನ ಮೂಲಕ ಆಗರಗಳಿಗೆ ಬಿಡುತ್ತಾರೆ. ಬಿಸಿಲಿಗೆ ನೀರು ಆರಿ ಹರಳುಗಟ್ಟಿದಾಗ ಉಪ್ಪನ್ನು ಬಾಚಿ ರಾಶಿ ಹಾಕುತ್ತಾರೆ. ಮಳೆ ಬಿದ್ದರೆ ಎಲ್ಲವೂ ಕರಗಿಹೋಗುತ್ತದೆ. ಹಾಯಿ ಹಡಗುಗಳು ಓಡಾಡುತ್ತಿದ್ದುದೂ, ಹೇರೆತ್ತುಗಳು ಘಟ್ಟ ಇಳಿಯುತ್ತಿದ್ದುದೂ ಮಳೆಯಿಲ್ಲದ ತಿಂಗಳುಗಳಲ್ಲೇ. ಹೀಗೆ ವರ್ಷದ ದುಡಿಮೆಯೆಲ್ಲ ಒಂದೇ ಹಂಗಾಮಿನಲ್ಲಿ ನಡೆಯಬೇಕಿತ್ತು.

ಧಾರವಾಡ ಸೀಮೆಯ ಹತ್ತಿಯನ್ನು ಹೊತ್ತು ಘಟ್ಟ ಇಳಿದ ಎತ್ತು ಬರಿಗೈಯಲ್ಲಿ ಹಿಂದಿರುಗಿದರೆ ಬಾಡಿಗೆ ಗಿಟ್ಟುವುದಿಲ್ಲವಲ್ಲ! ಮರಳುವಾಗ ಅದು ಉಪ್ಪು ಹೊತ್ತು ಹತ್ತುತ್ತಿತ್ತು. ಕುಮಟಾದಿಂದ ಹತ್ತಿ ಹಡಗು ಏರಿ ಮುಂಬಯಿಗೆ ಹೋಗುತ್ತಿತ್ತು. ಆದ್ದರಿಂದಲೇ ಧಾರವಾಡದ ಹೊಲಗಳಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಬಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ ಭಾರತದ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಅವಧಿಯಲ್ಲೇ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು.

ಆದರೆ ಈ ಸಿರಿ ನಿಲ್ಲಲಿಲ್ಲ. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಓಡತೊಡಗಿತು. ಹತ್ತಿ ರೈಲು ಹತ್ತಿತು; ಹೇರೆತ್ತುಗಳ ಸಾಲು ಕರಗಿತು. ಕುಮಟಾದವರು ಏನೂ ತಪ್ಪು ಮಾಡಿರಲಿಲ್ಲ. ದಾರಿ ಬದಲಾಯಿತು, ಅಷ್ಟೇ.

ಇತ್ತ ಉಪ್ಪು ಸರ್ಕಾರದ ಬಿಗಿಹಿಡಿತದಲ್ಲಿತ್ತು. ಬಡವನ ಗಂಜಿಯ ಉಪ್ಪಿಗೂ ತೆರಿಗೆ ಬಿದ್ದಿತ್ತು. 1930ರ ಏಪ್ರಿಲ್‌ನಲ್ಲಿ ನೆರೆಯ ಅಂಕೋಲೆಯಲ್ಲಿ ಜನರು ಉಪ್ಪಿನ ಕಾನೂನು ಮುರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹದಲ್ಲಿ ಅಂಕೋಲೆಯ ಹೆಸರು ಇಂದಿಗೂ ಮೊದಲು ನೆನಪಾಗುತ್ತದೆ. ಉಪ್ಪಿನ ತೆರಿಗೆ ರದ್ದಾದದ್ದು 1947ರಲ್ಲಿ.

ವಿದ್ಯಾರ್ಥಿಗಳೇ, ಇದೇ ಕರಾವಳಿಯಲ್ಲಿ ಕುಮಟಾಕ್ಕೆ ದಕ್ಷಿಣದಲ್ಲಿರುವ ಹೊನ್ನಾವರವನ್ನೂ ಇಲ್ಲಿ ನೆನೆಯಬೇಕು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಅಲ್ಲಿಗೆ ಬಂದಿದ್ದನು. ಆ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡುದಾಗಿ ಆತ ತನ್ನ ಪ್ರವಾಸ ಕಥನದಲ್ಲಿ ಹೇಳಿದ್ದಾನೆ. ಬಂದರಿನ ಗಳಿಕೆಯಲ್ಲಿ ಒಂದು ಪಾಲನ್ನು ಮಕ್ಕಳ ಓದಿಗೆ, ಅದರಲ್ಲೂ ಹೆಣ್ಣುಮಕ್ಕಳ ಓದಿಗೆ, ಮೀಸಲಿಟ್ಟ ಊರು ಅದಾಗಿದ್ದಿರಬೇಕು. ಆ ಸುಲ್ತಾನರೂ ಇಲ್ಲ, ಆ ಹಡಗುಗಳೂ ಇಲ್ಲ. ಆದರೆ ಸುಮಾರು ಏಳು ಶತಮಾನಗಳ ನಂತರವೂ ಆ 13 ಶಾಲೆಗಳ ಮಾತು ಉಳಿದಿದೆ.

ವ್ಯಾಪಾರ ದಾರಿಯನ್ನು ನಂಬಿ ನಿಲ್ಲುತ್ತದೆ. ದಾರಿ ತಿರುಗಿದರೆ ಅದೂ ತಿರುಗುತ್ತದೆ. ಕಲಿತ ವಿದ್ಯೆ ಮಾತ್ರ ಕಲಿತವರ ಜೊತೆಯಲ್ಲೇ ನಡೆಯುತ್ತದೆ. ಅಂಗಡಿಗೆ ಆಳು ಬೇಕೆಂದು ಮಗನನ್ನೋ, ಮನೆಗೆಲಸಕ್ಕೆಂದು ಮಗಳನ್ನೋ ಶಾಲೆ ಬಿಡಿಸುವ ಮೊದಲು, ಹಿರಿಯರು ಕುಮಟಾದ ಹೇರೆತ್ತುಗಳನ್ನು ಒಮ್ಮೆ ನೆನೆಯಲಿ. ನಮ್ಮ ಉಪ್ಪಿನ ಋಣ ತೀರುವುದು ಮುಂದಿನ ಪೀಳಿಗೆಯ ಓದಿನಿಂದಲೇ.