ಅಕ್ಷಿಪಟಲದ ರಕ್ತನಾಳಗಳ ಅಳತೆ: ವಿಶ್ವಾಸಾರ್ಹತೆಯ ಚಾರಿತ್ರಿಕ ಅವಲೋಕನ

ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ಕಾಣಬಹುದಾದ ಸ್ಥಳ ಕಣ್ಣಿನ ಅಕ್ಷಿಪಟಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ತಮ್ಮ ನೇತ್ರದರ್ಶಕದ ವಿವರಗಳನ್ನು ಪ್ರಕಟಿಸಿದ ಮೇಲೆ ಈ ನೋಟವು ವೈದ್ಯರಿಗೆ ದೊರೆಯಿತು. 1892ರಲ್ಲಿ ಲಂಡನ್ನಿನ ಮಾರ್ಕಸ್ ಗನ್, ಅಪಧಮನಿಯು ಅಭಿಧಮನಿಯನ್ನು ದಾಟುವೆಡೆಯಲ್ಲಿ ಅದುಮುವ ಲಕ್ಷಣವನ್ನು ವರ್ಣಿಸಿದರು. 1939ರಲ್ಲಿ ಕೀತ್, ವಾಗನರ್ ಮತ್ತು ಬಾರ್ಕರ್ ಅಧಿಕ ರಕ್ತದೊತ್ತಡದ ರೋಗಿಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಇವೆಲ್ಲವೂ ಕಣ್ಣಂದಾಜಿನ ನಿರ್ಣಯಗಳೇ. ನಾಳವು ತುಸು ಕಿರಿದಾಗಿದೆಯೆಂದು ಒಬ್ಬ ವೈದ್ಯರು ಬರೆದುದನ್ನು ಇನ್ನೊಬ್ಬರು ಸಹಜವೆಂದು ಬರೆಯಬಹುದಾಗಿತ್ತು. ಅಳತೆಯ ಅಗತ್ಯ ತಲೆದೋರಿದ್ದು ಇಲ್ಲಿಯೇ.

ಕವಲುಗಳ ಅಗಲದಿಂದ ಮೂಲ ಅಪಧಮನಿಯ ಅಗಲವನ್ನು ಗಣಿಸುವ ಸೂತ್ರವನ್ನು ನ್ಯೂಜಿಲೆಂಡಿನ ಪಾರ್ ಮತ್ತು ಸ್ಪಿಯರ್ಸ್ 1974ರಲ್ಲಿ ಮಂಡಿಸಿದರು. 1999ರಲ್ಲಿ ಹಬ್ಬರ್ಡ್ ಮತ್ತು ಸಂಗಡಿಗರು ಅಮೆರಿಕದ ನಾಲ್ಕು ಸಮುದಾಯಗಳ ಅಧ್ಯಯನಕ್ಕಾಗಿ ಅಭಿಧಮನಿಗಳಿಗೂ ಅಂಥದೇ ಸೂತ್ರವನ್ನು ರಚಿಸಿ, ಗಣಕದ ನೆರವಿನಿಂದ ಎರಡರ ಅನುಪಾತವನ್ನು ಕಂಡುಹಿಡಿಯುವ ವಿಧಾನವನ್ನು ರೂಪಿಸಿದರು. ಅನುಪಾತದ ಆಯ್ಕೆಗೆ ಸಕಾರಣವಿತ್ತು. ಸಮೀಪದೃಷ್ಟಿಯಿಂದಲೋ ಕ್ಯಾಮೆರಾದ ವ್ಯತ್ಯಾಸದಿಂದಲೋ ಚಿತ್ರವು ಹಿಗ್ಗಿದರೂ ಕುಗ್ಗಿದರೂ ಅಂಶ ಮತ್ತು ಛೇದಗಳೆರಡೂ ಒಟ್ಟಿಗೇ ಬದಲಾಗುತ್ತವೆಂಬುದು ಅವರ ಎಣಿಕೆ.

ಈ ಎಣಿಕೆಯಲ್ಲಿ ಎರಡು ಕೊರತೆಗಳಿದ್ದವು. ಸೂತ್ರಗಳಲ್ಲಿ ಸ್ಥಿರಸಂಖ್ಯೆಗಳು ಅಡಗಿದ್ದವು. ಅಭಿಧಮನಿಯ ಸೂತ್ರದಲ್ಲಿ ವರ್ಗಮೂಲದ ಒಳಗೆ ಸುಮಾರು 450 ಎಂಬ ಸಂಖ್ಯೆಯನ್ನು ಕೂಡಿಸಬೇಕಾಗಿತ್ತು. ಅಗಲಗಳನ್ನು ಬೇರೆ ಮಾನದಲ್ಲಿ ಅಳೆದರೆ ಅಥವಾ ಚಿತ್ರದ ಗಾತ್ರ ಬದಲಾದರೆ ಈ ಸಂಖ್ಯೆ ಮಾತ್ರ ಬದಲಾಗದೆ ಉಳಿಯುತ್ತಿತ್ತು. 2003ರಲ್ಲಿ ನಡ್ಟ್‌ಸನ್ ಮತ್ತು ಸಂಗಡಿಗರು ಇದನ್ನು ತೊಡೆದುಹಾಕಿ, ಅತಿ ಅಗಲವಾದ ಆರು ಅಪಧಮನಿಗಳನ್ನೂ ಆರು ಅಭಿಧಮನಿಗಳನ್ನೂ ಮಾತ್ರ ಪರಿಗಣಿಸುವ ಸರಳ ಸೂತ್ರವನ್ನು ನೀಡಿದರು. ಎರಡನೆಯ ಕೊರತೆ ಹೆಚ್ಚು ಗಂಭೀರವಾದುದು. ಅಪಧಮನಿ ಕಿರಿದಾದರೂ ಅನುಪಾತ ತಗ್ಗುತ್ತದೆ, ಅಭಿಧಮನಿ ಹಿಗ್ಗಿದರೂ ತಗ್ಗುತ್ತದೆ. 2004ರ ರಾಟರ್‌ಡ್ಯಾಂ ಅಧ್ಯಯನದಲ್ಲಿ, ಉರಿಯೂತದ ಸೂಚಕಗಳೊಡನೆ ಕಂಡುಬಂದ ತಗ್ಗಿದ ಅನುಪಾತಕ್ಕೆ ಅಭಿಧಮನಿಗಳ ಹಿಗ್ಗುವಿಕೆ ಕಾರಣವೆಂದು ತಿಳಿದುಬಂದಿತು. ಅಷ್ಟರಲ್ಲಿ ಇದೇ ಅನುಪಾತವನ್ನು ಪಾರ್ಶ್ವವಾಯು ಮತ್ತು ಹೃದ್ರೋಗಗಳ ಮುನ್ಸೂಚನೆಯಾಗಿ ಓದುವ ರೂಢಿ ಬೆಳೆದಿತ್ತು.

ಸೂತ್ರವು ತಿದ್ದುಪಡಿಗೊಂಡರೂ ನಾಳದ ಅಂಚು ಎಲ್ಲಿದೆಯೆಂಬ ಪ್ರಶ್ನೆ ಉಳಿಯಿತು. ನಾಳದ ಗೋಡೆ ಬಹುಮಟ್ಟಿಗೆ ಪಾರದರ್ಶಕ. ಛಾಯಾಚಿತ್ರದಲ್ಲಿ ಕಾಣುವುದು ಒಳಗಿನ ರಕ್ತದ ಸ್ತಂಭ. ಅದರ ಅಂಚು ಗೆರೆಯಂತಿರದೆ ಕ್ರಮೇಣ ಮಸುಕಾಗುತ್ತದೆ. ಯಾವ ಪಿಕ್ಸೆಲಿನಲ್ಲಿ ನಾಳ ಮುಗಿಯಿತೆಂದು ವಿಸ್ಕಾನ್ಸಿನ್‌ನ ಐವಾನ್, ಸಿಂಗಾಪುರದ ಸಿವಾ, ಸ್ಕಾಟ್‌ಲೆಂಡಿನ ವ್ಯಾಂಪೈರ್ ತಂತ್ರಾಂಶಗಳು ತಮ್ಮದೇ ವಿಧಾನದಿಂದ ನಿರ್ಧರಿಸುತ್ತವೆ. ಇವುಗಳ ಫಲಿತಾಂಶವನ್ನು ತಿದ್ದಲು ಮನುಷ್ಯನ ಕೈಯೂ ಬೇಕಾಗುತ್ತದೆ. 'ಸ್ವಯಂಚಾಲಿತ' ಎಂಬ ವಿಶೇಷಣವನ್ನು ಎಚ್ಚರದಿಂದ ಬಳಸಬೇಕೆಂದು ನಮ್ಮ ಅಭಿಪ್ರಾಯ. ಹೃದಯದ ಬಡಿತದೊಡನೆ ನಾಳದ ಅಗಲವೂ ಏರಿಳಿಯುವುದರಿಂದ ಒಂದೇ ಚಿತ್ರವು ಹಿಡಿಯುವುದು ಒಂದು ಕ್ಷಣವನ್ನಷ್ಟೇ.

ಒಂದೇ ತಂತ್ರಾಂಶ, ಒಂದೇ ಚಿತ್ರವನ್ನು ಮರಳಿ ಅಳೆದಾಗ ಉತ್ತರಗಳು ಸಾಮಾನ್ಯವಾಗಿ ಚೆನ್ನಾಗಿ ಹೊಂದುತ್ತವೆ. ವಿಶ್ವಾಸಾರ್ಹತೆಯ ಹೇಳಿಕೆಗಳು ಅನೇಕವೇಳೆ ಈ ಹೊಂದಾಣಿಕೆಯನ್ನೇ ಆಧರಿಸಿವೆ. ಆದರೆ ಎರಡು ಅಳತೆಗಳು ಪರಸ್ಪರ ಸಂಬಂಧ ಹೊಂದಿರುವುದು ಬೇರೆ, ಒಮ್ಮತ ಹೊಂದಿರುವುದು ಬೇರೆ ಎಂಬುದನ್ನು ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿಯೇ ತೋರಿಸಿಕೊಟ್ಟಿದ್ದರು. ಸ್ಕಾಟ್‌ಲೆಂಡಿನಲ್ಲಿ, 1936ರಲ್ಲಿ ಜನಿಸಿದವರ ಕಣ್ಣಿನ ಚಿತ್ರಗಳನ್ನು ಸಿವಾ ಮತ್ತು ವ್ಯಾಂಪೈರ್ ಎರಡರಿಂದಲೂ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಮ್ಮತವು ದುರ್ಬಲವಾಗಿದ್ದಿತು. ಅದಕ್ಕೆ ಮುನ್ನ, 2016ರಲ್ಲಿ, ತಂತ್ರಾಂಶಗಳ ಅಳತೆಗಳನ್ನು ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಲೆಕ್ಕವೂ ಬಂದಿತ್ತು. ಇಂಥ ಪರಿವರ್ತನೆಯು ಸರಾಸರಿಯ ಅಂತರವನ್ನು ಸರಿಪಡಿಸಬಲ್ಲದು. ವ್ಯಕ್ತಿಯಿಂದ ವ್ಯಕ್ತಿಗೆ ಚದುರಿದ ವ್ಯತ್ಯಾಸವನ್ನು ಅದು ಅಳಿಸಲಾರದು. ಆದಕಾರಣ ಒಂದು ತಂತ್ರಾಂಶದಿಂದ ಪಡೆದ ಸಹಜ ಮಿತಿಯನ್ನು ಮತ್ತೊಂದರಿಂದ ಅಳೆದ ರೋಗಿಗೆ ಅನ್ವಯಿಸಲು ಬರುವುದಿಲ್ಲ. ಅಂಕಿಗಳ ಪಟ್ಟಿಯನ್ನಷ್ಟೇ ಉಳಿಸಿಕೊಂಡು ಮೂಲಚಿತ್ರಗಳನ್ನು ಕಳೆದುಕೊಂಡ ಹಳೆಯ ಅಧ್ಯಯನಗಳನ್ನು ಮರಳಿ ಅಳೆಯುವ ದಾರಿಯೂ ಇಲ್ಲ.