ಹೆಚ್ಚುಸ್ಥಾಯಿ ಸಾಧನೆ

ಹಾಡುಗಾರರು ತಮ್ಮ ಶಾರೀರವನ್ನು ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಕಡೆಗೆ ಬೆಳೆಸಿಕೊಳ್ಳಲು ಮಾಡುವ ಕ್ರಮಬದ್ಧ ಅಭ್ಯಾಸ. ಕನ್ನಡ ನಾಡಿನಲ್ಲಿ ಇದು ಎರಡು ಕವಲಾಗಿ ಬೆಳೆದಿದೆ. ಒಂದು, ಪುರಂದರದಾಸರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕರ್ನಾಟಕ ಸಂಗೀತದ ವರಸೆಗಳ ಪಾಠ. ಇನ್ನೊಂದು, ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಹಿಂದೂಸ್ತಾನಿ ಗಾಯಕರ ರಿಯಾಜು. ಮೇಲಿನ ಸ್ವರಕ್ಕೆ ಹೋಗುವ ದಾರಿ ಕೆಳಗಿನ ಸ್ವರಗಳಿಂದಲೇ ಶುರುವಾಗಬೇಕು ಎಂಬುದು ಎರಡೂ ಕಡೆಯ ಗುರುಗಳು ಒಪ್ಪುವ ಮಾತು.

ಶಾಸ್ತ್ರಗ್ರಂಥಗಳಲ್ಲಿ ಈ ವಿಚಾರ ಹಳೆಯದು. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ಮಂದ್ರಕ್ಕೆ ಹೃದಯ, ಮಧ್ಯಕ್ಕೆ ಕಂಠ, ತಾರಕ್ಕೆ ಶಿರಸ್ಸು ಎಂದು ನೆಲೆಗಳನ್ನು ಗುರುತಿಸಿ, ಒಂದೊಂದರಲ್ಲೂ 22 ಶ್ರುತಿಗಳನ್ನು ಹೇಳಿದ್ದಾನೆ. ದನಿ ಹುಟ್ಟುವುದು ಗಂಟಲಿನಲ್ಲೇ ಆದರೂ ಅದರ ಕಂಪನ ಹಾಡುವವನ ಅನುಭವಕ್ಕೆ ಬರುವುದು ಹೀಗೆಯೇ. ಯುರೋಪಿನ ಗಾಯಕರೂ ಎದೆದನಿ, ತಲೆದನಿ ಎಂದೇ ಹೇಳುತ್ತ ಬಂದಿದ್ದಾರೆ.

ಶಾಸ್ತ್ರಗ್ರಂಥಗಳ ಹೊರಗೆ, ಭಕ್ತರ ಹಾಡಿನಲ್ಲೂ ಏರುದನಿಯ ಸಾಧನೆ ಇದೆ. ಪುಣೆಯಿಂದ ದಿವೆ ಘಾಟ್ ಹತ್ತಿ ಹೋದರೆ ಸಿಗುವ ಸಾಸವಡ, ಪುರಂದರ ತಾಲ್ಲೂಕಿನ ಮುಖ್ಯ ಊರು. ಅದರ ನೈರುತ್ಯಕ್ಕಿರುವ ಪುರಂದರಗಡವೇ ಪುರಂದರದಾಸರ ಹುಟ್ಟೂರು ಎಂದು ಕನ್ನಡಿಗರು ಬಹುಕಾಲ ನಂಬಿಕೊಂಡು ಬಂದರು. ಈಚೆಗೆ ತೀರ್ಥಹಳ್ಳಿ ಬಳಿಯ ಆರಗದ ಪರವಾದ ವಾದ ಬಲಗೊಂಡಿದೆ. ಹುಟ್ಟೂರು ಯಾವುದೇ ಇರಲಿ, ವಿಠಲನ ಭಕ್ತಿಯಲ್ಲಿ ಈ ಎರಡು ಸೀಮೆಗಳು ಒಂದೇ. ಆಳಂದಿಯಿಂದ ಬರುವ ಜ್ಞಾನೇಶ್ವರರ ಪಾಲಖಿ ಸಾಸವಡದಲ್ಲಿ ತಂಗುತ್ತದೆ. ಅವರ ತಮ್ಮ ಸೋಪಾನದೇವರ ಸಮಾಧಿ ಇರುವುದೂ ಇಲ್ಲೇ, ಸೋಪಾನದೇವರ ಪಾಲಖಿ ಪಂಢರಪುರಕ್ಕೆ ಹೊರಡುವುದೂ ಇಲ್ಲಿಂದಲೇ. ಪಾಲಖಿಯೊಂದಿಗೆ ನಡೆಯುವ ಭಕ್ತರ ತಂಡಗಳಾದ ದಿಂಡಿಗಳಲ್ಲಿ ತಾಳ, ಪಖವಾಜಿನ ಸದ್ದನ್ನು ದಾಟಿ ಕೇಳಿಸುವಂತೆ ಗಂಟಲು ಬಿಚ್ಚಿ ಏರುದನಿಯಲ್ಲಿ ಅಭಂಗ ಹಾಡುವುದು ವಾಡಿಕೆ. ಶಾಲೆಯ ಮೆಟ್ಟಿಲು ಹತ್ತದ ಹೆಚ್ಚುಸ್ಥಾಯಿ ಸಾಧನೆ ಅದು.

1564ರಲ್ಲಿ ಹಂಪಿಯಲ್ಲಿ ತೀರಿಕೊಂಡ ಪುರಂದರದಾಸರನ್ನು ಪರಂಪರೆ ಕರ್ನಾಟಕ ಸಂಗೀತದ ಪಿತಾಮಹ ಎನ್ನುತ್ತದೆ. ಸರಳೆ, ಜಂಟಿ, ದಾಟು ವರಸೆಗಳು, ಅಲಂಕಾರಗಳು ಅವರವೆಂಬುದಕ್ಕೆ ಗುರುಪರಂಪರೆಯ ಮಾತೇ ಮುಖ್ಯ ಆಧಾರ. ಈ ಪಾಠಗಳ ನಡುವೆ ‘ಹೆಚ್ಚುಸ್ಥಾಯಿ ವರಸೆ’ ಎಂಬುದೇ ಒಂದು ಘಟ್ಟ. ಅದರ ರಚನೆಯನ್ನು ಬಿಡಿಸಿ ನೋಡಬೇಕು. ಮೊದಲ ವರಸೆ ಮಧ್ಯಷಡ್ಜದಿಂದ ನೇರ ಏರಿ ತಾರಷಡ್ಜದ ಮೇಲೆ ದೀರ್ಘವಾಗಿ ನಿಲ್ಲುತ್ತದೆ. ಅಲ್ಲಿ ಉಸಿರು, ಶ್ರುತಿ ಎರಡೂ ಗಟ್ಟಿಯಾದ ಮೇಲೆ ಧೈವತಕ್ಕೆ ಇಳಿದು, ‘ದನಿಸರಿ’ ಎಂದು ಒಂದೇ ಒಂದು ಮೆಟ್ಟಿಲು ಮೇಲೆ ಮುಟ್ಟಿ, ತಕ್ಷಣ ವಾಪಸು ಬರುತ್ತದೆ. ಮುಂದಿನ ವರಸೆಗಳು ಒಂದೊಂದೇ ಸ್ವರ ಸೇರಿಸಿಕೊಂಡು ಗಾಂಧಾರ, ಮಧ್ಯಮ, ಕೊನೆಗೆ ಪಂಚಮ ಮುಟ್ಟುತ್ತವೆ. ಪ್ರತಿ ಸಲವೂ ಏರಿದಷ್ಟನ್ನು ಇಳಿದು ಷಡ್ಜಕ್ಕೆ ಮರಳಲೇಬೇಕು. ಇದನ್ನು ಮೊದಲು ವಿಳಂಬದಲ್ಲಿ, ಆಮೇಲೆ ಎರಡನೆಯ, ಮೂರನೆಯ ಕಾಲದಲ್ಲಿ ಹಾಡಿಸುತ್ತಾರೆ.

ಪಾಠಕ್ಕೆ ಆರಿಸಿದ ರಾಗ ಮಾಯಾಮಾಳವಗೌಳ. ಅದರ ಪೂರ್ವಾಂಗದ ‘ಸರಿಗಮ’ಕ್ಕೂ ಉತ್ತರಾಂಗದ ‘ಪದನಿಸ’ಕ್ಕೂ ಅಂತರಗಳು ಒಂದೇ. ಕೆಳಗೆ ಕಿವಿ, ಗಂಟಲು ಕಲಿತದ್ದನ್ನು ಮಗು ಮೇಲೆ ಹಾಗೆಯೇ ಮತ್ತೆ ಹಾಡುತ್ತದೆ. ಈ ಪಾಠಕ್ರಮ ಕಟ್ಟಿದವರು ಮಕ್ಕಳ ಗಂಟಲನ್ನು ಬಹಳ ಹತ್ತಿರದಿಂದ ಬಲ್ಲವರು ಎಂಬುದರಲ್ಲಿ ಸಂದೇಹವಿಲ್ಲ.

ಉತ್ತರ ಕರ್ನಾಟಕದಲ್ಲಿ ಏರುದನಿಗೆ ಬೇಡಿಕೆ ತಂದದ್ದು ರಂಗಭೂಮಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ರಂಗಕ್ಕೆ ತಂದ ಮೇಲೆ ಸಂಗೀತ ನಾಟಕದ ಅಲೆ ಮರಾಠಿ, ಕನ್ನಡ ಎರಡೂ ಭಾಷೆಗಳಲ್ಲಿ ಎದ್ದಿತು. ಮೈಕು ಇಲ್ಲದ ಕಾಲ. ಹಾರ್ಮೋನಿಯಂನ ಕಪ್ಪು ನಾಲ್ಕು, ಕಪ್ಪು ಐದರಂಥ ಏರುಶ್ರುತಿಯಲ್ಲಿ ಹಾಡಬಲ್ಲ ನಟನಿಗೆ ಕಂಪನಿಗಳಲ್ಲಿ ಬೆಲೆ. ವಾಮನರಾವ್ ಮಾಸ್ತರರ ನಾಟಕ ಮಂಡಳಿಯಲ್ಲಿ ಹಾಡುತ್ತಿದ್ದ ಹುಡುಗ ಮಲ್ಲಿಕಾರ್ಜುನ ಮನ್ಸೂರರನ್ನು ನೀಲಕಂಠಬುವಾ ಆಲೂರಮಠರು ಕೇಳಿ ಮೆಚ್ಚಿ ಶಿಷ್ಯನನ್ನಾಗಿ ಮಾಡಿಕೊಂಡರು. ಕರಾವಳಿಯಲ್ಲಿ ಚಂಡೆಯ ಮೇಲೆ ಕೇಳಿಸಬೇಕಾದ ಯಕ್ಷಗಾನದ ಭಾಗವತಿಕೆಯೂ ಏರುಶ್ರುತಿಯದೇ.

ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ (1872–1937) ಮಿರಜದಲ್ಲಿ ನೆಲೆಸಿ, 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಆರಂಭಿಸಿದರು. ಬಲ ಹಾಕದೆ, ಕೂಗದೆ ತಾರಸ್ವರದಲ್ಲಿ ತಂಗುವ ಅವರ ರೀತಿ ಧ್ವನಿಮುದ್ರಿಕೆಗಳಲ್ಲಿ ಇಂದಿಗೂ ಕೇಳುತ್ತದೆ. ಅವರ ಶಿಷ್ಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರಿಗೆ (1886–1952), ಹರೆಯದಲ್ಲಿ ಒಡೆದ ದನಿ ಸುಲಭಕ್ಕೆ ಬಗ್ಗಲಿಲ್ಲ. ಮಂದ್ರದ ಖರಜ (ಕೆಳಸ್ವರಗಳ ಅಭ್ಯಾಸ), ಪಲ್ಟಾಗಳ (ಸ್ವರಜೋಡಣೆಗಳ) ದೀರ್ಘ ಸಾಧನೆಯಿಂದ ಅದನ್ನು ಪಳಗಿಸಿಕೊಂಡರು. ಕಛೇರಿಯಲ್ಲೂ ಅವರ ಶಾರೀರ ನಿಧಾನವಾಗಿ ಬಿಸಿಯೇರಿ ಆಮೇಲೆ ಅರಳುತ್ತಿತ್ತು. ಆ ತಾಳ್ಮೆಯನ್ನೇ ಅವರು ಶಿಷ್ಯರಿಗೂ ಕೊಟ್ಟರು. 1930ರ ದಶಕದಲ್ಲಿ ಅವರ ಮನೆ ಸೇರಿದ ಭೀಮಸೇನ ಜೋಶಿಯವರಿಗೆ ಸಿಕ್ಕಿದ್ದು ತೋಡಿ, ಮುಲ್ತಾನಿ, ಪೂರಿಯಾ ಮುಂತಾದ ಕೆಲವೇ ರಾಗಗಳು, ದಿನವಿಡೀ ಅವುಗಳ ಅಭ್ಯಾಸ. ಮುಂದೆ ಪುಣೆಯಲ್ಲಿ ನೆಲೆಸಿದ ಜೋಶಿಯವರು 1953ರಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವವನ್ನು ಅಲ್ಲಿಯೇ ಆರಂಭಿಸಿದರು.

ಈ ಸಾಧನೆಯ ಹಿಂದಿನ ದೇಹಕ್ರಿಯೆ 19ನೆಯ ಶತಮಾನದಲ್ಲಿ ಬೆಳಕಿಗೆ ಬಂತು. ಗಾಯನಶಿಕ್ಷಕ ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ಕನ್ನಡಿಗಳ ಸಹಾಯದಿಂದ ತನ್ನದೇ ಧ್ವನಿತಂತುಗಳನ್ನು ನೋಡಿ, ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಒಪ್ಪಿಸಿದ. ಸ್ವರ ಏರಿದಂತೆ ತಂತುಗಳು ಎಳೆದುಕೊಂಡು ತೆಳುವಾಗುತ್ತವೆ, ಕಂಪನದ ವೇಗ ಹೆಚ್ಚುತ್ತದೆ. ಒಂದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಬಿಳಿ ಒಂದು) ಹಾಡುವ ಗಂಡಸಿನ ಮಧ್ಯಷಡ್ಜ ಸೆಕೆಂಡಿಗೆ ಸುಮಾರು 131 ಕಂಪನ, ತಾರಷಡ್ಜ 262, ತಾರಪಂಚಮ 392. ಈ ಏರಿಕೆಯಲ್ಲಿ ದಪ್ಪಗಿನ ತಂತುಗಳ ದನಿಯಿಂದ ತೆಳುದನಿಗೆ ದಾಟುವ ಜಾಗ ಒಂದಿದೆ. ತಯಾರಿಯಿಲ್ಲದವರು ಅಲ್ಲಿ ಕತ್ತು ಬಿಗಿದು ಕೂಗುತ್ತಾರೆ, ಇಲ್ಲವೆ ಕಳ್ಳದನಿಗೆ (ಫಾಲ್ಸೆಟೊ) ಜಾರುತ್ತಾರೆ. ನಮ್ಮ ಗುರುಗಳು ಎರಡನ್ನೂ ಒಪ್ಪಲಿಲ್ಲ. ‘ಆ’ಕಾರವನ್ನು ತೆರೆದಿಟ್ಟು, ದನಿಯ ಗಾತ್ರ ತಗ್ಗಿಸಿ ಆ ಜಾಗವನ್ನು ದಾಟಿಸುವುದು ಅವರ ಉಪಾಯ.

ಎಲ್ಲ ಶಾರೀರವೂ ಮೇಲಕ್ಕೇ ಬೆಳೆಯಬೇಕೆಂದಿಲ್ಲ ಎಂಬುದಕ್ಕೆ ಗಂಗೂಬಾಯಿ ಹಾನಗಲ್ (1913–2009) ದೊಡ್ಡ ನಿದರ್ಶನ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಅವರ ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ದನಿ ತೆಳು, ಎತ್ತರದ್ದು. ಗಂಟಲಿನ ತೊಂದರೆ, ಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ಭಾರವಾಯಿತು. ಅವರು ಹಳೆಯ ಎತ್ತರದ ಬೆನ್ನು ಹತ್ತಲಿಲ್ಲ. ಆ ಗಂಭೀರ ದನಿಯಲ್ಲೇ ಕಿರಾಣಾದ ನಿಧಾನದ ಸ್ವರವಿಸ್ತಾರಕ್ಕೆ ಹೊಸ ತೂಕ ತಂದರು. ಬೆಳಗಾವಿ ಬಳಿಯ ಸುಳೇಭಾವಿಯ ಕುಮಾರ ಗಂಧರ್ವರಿಗೆ (1924–1992) ಕ್ಷಯದಿಂದ ಒಂದು ಶ್ವಾಸಕೋಶದ ಬಲ ಹೋಯಿತು. ಹಲವು ವರ್ಷಗಳ ಮೌನದ ನಂತರ ಅವರು ಚಿಕ್ಕ ಉಸಿರಿನ ತುಣುಕುಗಳಲ್ಲಿ ತಾರಸ್ವರವನ್ನು ಮಿಂಚಿಸಿ ಮರಳುವ ಗಾಯನ ಕಟ್ಟಿಕೊಂಡರು. ಅವರ ಗುರು ಬಿ. ಆರ್. ದೇವಧರರು ಧ್ವನಿಸಂಸ್ಕಾರವನ್ನು ಪ್ರತ್ಯೇಕ ವಿಷಯವಾಗಿ ಅಭ್ಯಾಸ ಮಾಡಿದ ಮೊದಲಿಗರಲ್ಲಿ ಒಬ್ಬರು.

ಧ್ವನಿವರ್ಧಕ ಬಂದ ಮೇಲೆ ಏರುಶ್ರುತಿಯ ಅನಿವಾರ್ಯತೆ ಹೋಯಿತು. ಗಾಯಕರು ತಮ್ಮ ಶಾರೀರಕ್ಕೆ ಒಗ್ಗುವ ಆಧಾರಷಡ್ಜ ಹಿಡಿದು, ಮಂದ್ರಪಂಚಮದಿಂದ ತಾರಪಂಚಮದವರೆಗಿನ ಎರಡು ಸ್ಥಾಯಿಗಳನ್ನು ಆಯಾಸವಿಲ್ಲದೆ ಬಳಸುವುದು ರೂಢಿಯಾಯಿತು. ಅಂಥ ಹಾಡಿಕೆ ಇಳಿವಯಸ್ಸಿನಲ್ಲೂ ಬಾಳಬಲ್ಲದು: ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್ (1920–2014) ತೊಂಬತ್ತು ದಾಟಿದ ಮೇಲೂ ಕಛೇರಿ ಕೊಟ್ಟರು. ಇಂದು ಬಲ್ಲ ಗುರುಗಳು ಗಂಟಲು ಒಡೆಯುವ ವಯಸ್ಸಿನ ಹುಡುಗರಿಗೆ ಹೆಚ್ಚುಸ್ಥಾಯಿ ವರಸೆಯನ್ನು ಕೆಲಕಾಲ ನಿಲ್ಲಿಸಿ, ಶ್ರುತಿ ಇಳಿಸಿ, ಮಂದ್ರದಲ್ಲಿ ಹಾಡಿಸುತ್ತಾರೆ. ದನಿ ನೆಲೆನಿಂತ ಮೇಲೆ ತಾರಷಡ್ಜದ ಪಾಠ ಮತ್ತೆ ಮೊದಲಿನಿಂದ.